ಗ್ಯಾಸ್ ಗ್ರಿಲ್: ಅಂಗಡಿಯ ಮಾತು, ಅಡುಗೆಯ ಸತ್ಯ

ಮೇ ತಿಂಗಳ ಕೊನೆಯ ಸೋಮವಾರ ಅಮೆರಿಕದಲ್ಲಿ ಮೆಮೋರಿಯಲ್ ಡೇ. ಅಲ್ಲಿಂದ ಜುಲೈ 4ರವರೆಗೆ ದೊಡ್ಡ ಅಂಗಡಿಗಳ ಬಾಗಿಲಲ್ಲೇ ಗ್ಯಾಸ್ ಗ್ರಿಲ್‌ಗಳು ಸಾಲಾಗಿ ನಿಂತಿರುತ್ತವೆ. ಹಿತ್ತಲಿರುವ ಮನೆಯನ್ನು ಹೊಸದಾಗಿ ಕೊಂಡ ಕನ್ನಡಿಗರೂ ಆ ಸಾಲಿನ ಮುಂದೆ ನಿಂತು ಆಫೀಸಿನವರು, ಪಕ್ಕದ ಮನೆಯವರು, ಭಾವಮೈದುನ ಹೇಳಿದ್ದನ್ನೆಲ್ಲ ನೆನಪಿಸಿಕೊಳ್ಳುತ್ತಾರೆ. ಹಾಗೆ ನೆನಪಾಗುವುದರಲ್ಲಿ ಕೆಲವು ಶುದ್ಧ ತಪ್ಪು, ಇನ್ನು ಕೆಲವು ಅರೆಸತ್ಯ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದಕ್ಕೂ ತಟ್ಟೆಗೆ ಬರುವ ರುಚಿಗೂ ಅಂಥ ನಂಟಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ.

“ಬಿಟಿಯು ಹೆಚ್ಚಿದ್ದಷ್ಟೂ ಗ್ರಿಲ್ ಜೋರು”

ಬಿಟಿಯು ಎಂಬುದು ಶಾಖದ ಅಳತೆ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖ ಒಂದು ಬಿಟಿಯು. ಗ್ರಿಲ್ ಮೇಲೆ 36,000 ಎಂದು ಬರೆದಿದ್ದರೆ, ಎಲ್ಲ ಬರ್ನರ್‌ಗಳನ್ನೂ ಪೂರ್ತಿ ತಿರುಗಿಸಿದಾಗ ಗಂಟೆಗೆ ಅಷ್ಟು ಶಾಖದ ಗ್ಯಾಸ್ ಖರ್ಚಾಗುತ್ತದೆ ಎಂದಷ್ಟೇ ಅರ್ಥ. ಜಾಲರಿ ಎಷ್ಟು ಕಾಯುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ನೋಡಬೇಕಾದದ್ದು ಜಾಲರಿಯ ಪ್ರತಿ ಚದರ ಇಂಚಿಗೆ ಎಷ್ಟು ಬೀಳುತ್ತದೆ ಎಂಬುದನ್ನು. 450 ಚದರ ಇಂಚಿನ ಗ್ರಿಲ್‌ಗೆ 36,000 ಇದ್ದರೆ ಇಂಚಿಗೆ 80. 700 ಚದರ ಇಂಚಿನದಕ್ಕೆ 48,000 ಇದ್ದರೆ 69ರ ಆಸುಪಾಸು. ಅಂದರೆ ದೊಡ್ಡ ಅಂಕಿಯ ಗ್ರಿಲ್ಲೇ ಇಲ್ಲಿ ಸಪ್ಪೆ. ಸಾಮಾನ್ಯವಾಗಿ 80ರಿಂದ 100 ಇದ್ದರೆ ಸಾಕು ಎನ್ನುತ್ತಾರೆ. ಅದಕ್ಕೂ ಮುಚ್ಚಳ ದಪ್ಪಗಿದ್ದು ಸರಿಯಾಗಿ ಕೂರಬೇಕು. ತೆಳು ತಗಡಿನ ಮುಚ್ಚಳವಿದ್ದರೆ ಎಷ್ಟು ಉರಿ ಕೊಟ್ಟರೂ ಕಾವು ಗಾಳಿಗೆ ಹೋಗುತ್ತದೆ.

ಲೆಕ್ಕ ಹಾಕುವಾಗ ಎರಡು ಕಡೆ ಎಚ್ಚರ ಬೇಕು. ಪಕ್ಕದಲ್ಲಿ ಪಾತ್ರೆ ಇಡಲು ಕೊಡುವ ಸಣ್ಣ ಒಲೆಯ ಬಿಟಿಯುವನ್ನೂ ಕೆಲವರು ಒಟ್ಟು ಅಂಕಿಗೆ ಸೇರಿಸಿರುತ್ತಾರೆ. ಮೇಲ್ಗಡೆ ಬನ್ ಬಿಸಿ ಮಾಡುವ ಅಟ್ಟಣಿಗೆಯನ್ನೂ ‘ಅಡುಗೆಯ ಜಾಗ’ದಲ್ಲಿ ತೂರಿಸಿರುತ್ತಾರೆ. ಎರಡನ್ನೂ ಕಳೆದು ನೋಡಿ.

“ಬರ್ನರ್ ಜಾಸ್ತಿ ಇದ್ದರೆ ಒಳ್ಳೆಯದು”

ನಾಲ್ಕು ಜನರ ಮನೆಗೆ ಆರು ಬರ್ನರ್ ಬೇಡ. ಆದರೆ ಒಂದೇ ಇದ್ದರೆ ಕಷ್ಟ. ಒಂದು ಕಡೆ ಉರಿ ಹೊತ್ತಿಸಿ, ಉರಿ ಇಲ್ಲದ ಕಡೆ ಪದಾರ್ಥವಿಟ್ಟು ಮುಚ್ಚಳ ಮುಚ್ಚುವುದೇ ಗ್ರಿಲ್ ಅಡುಗೆಯ ಅರ್ಧ ವಿದ್ಯೆ. ಇಡೀ ಕೋಳಿ, ದಪ್ಪ ಗೆಣಸು, ಸುವರ್ಣಗೆಡ್ಡೆ ಇವೆಲ್ಲ ಹೊರಗೆ ಕರಿಯಾಗದೆ ಒಳಗೆ ಬೇಯುವುದು ಹಾಗೆಯೇ. ಇದಕ್ಕೆ ಎರಡು ಬರ್ನರ್ ಬೇಕೇ ಬೇಕು, ಮೂರಿದ್ದರೆ ಅನುಕೂಲ.

ಎಷ್ಟಿವೆ ಎನ್ನುವುದಕ್ಕಿಂತ ಕಾವು ಸಮನಾಗಿ ಹರಡುತ್ತದೆಯೇ ಎನ್ನುವುದು ಮುಖ್ಯ. ಪರೀಕ್ಷೆ ಸುಲಭ. ಗ್ರಿಲ್ ಮನೆಗೆ ಬಂದ ಮೇಲೆ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಅಗ್ಗದ ಬಿಳಿ ಬ್ರೆಡ್ ಹೋಳುಗಳನ್ನು ಜಾಲರಿ ತುಂಬ ಒತ್ತೊತ್ತಾಗಿ ಜೋಡಿಸಿ, ಒಂದೆರಡು ನಿಮಿಷ ಬಿಟ್ಟು ಎಲ್ಲವನ್ನೂ ಅಲ್ಲಲ್ಲೇ ಮಗುಚಿ. ಯಾವ ಮೂಲೆಯ ಹೋಳು ಸುಟ್ಟು ಕರಕಲಾಗಿದೆ, ಯಾವುದು ಇನ್ನೂ ಬೆಳ್ಳಗಿದೆ ಎಂಬುದು ನಕ್ಷೆ ಬರೆದ ಹಾಗೆ ಕಾಣುತ್ತದೆ. ಸ್ವಲ್ಪ ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತದೆ. ಅರ್ಧ ಜಾಲರಿ ತಣ್ಣಗೇ ಉಳಿದಿದ್ದರೆ ರಸೀದಿ ಹುಡುಕಿ, ಅಂಗಡಿಗೆ ವಾಪಸ್ ಕೊಡಿ.

“ಇದ್ದಿಲಿನ ರುಚಿ ಗ್ಯಾಸಿಗೆ ಎಲ್ಲಿಂದ ಬರಬೇಕು?”

ಇದರ ಬಗ್ಗೆ ಸಂಸಾರಗಳಲ್ಲಿ ಜಗಳವಾಗುವುದುಂಟು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಇದ್ದಿಲು ಎಂದರೆ ಈಗಾಗಲೇ ಸುಟ್ಟ ಕಟ್ಟಿಗೆ. ವಾಸನೆ ಕೊಡುವ ಅಂಶಗಳಲ್ಲಿ ಬಹುಪಾಲು ಇದ್ದಿಲು ಮಾಡುವಾಗಲೇ ಹೊಗೆಯಾಗಿ ಹೋಗಿರುತ್ತದೆ. ಚೆನ್ನಾಗಿ ಹೊತ್ತಿ ಬೂದಿ ಕಟ್ಟಿದ ಕೆಂಡದಿಂದ ಬರುವುದು ಮುಖ್ಯವಾಗಿ ಕಾವು, ಹೊಗೆ ಬಲು ಕಡಿಮೆ. ಹಾಗಾದರೆ ನಾವು ‘ಇದ್ದಿಲಿನ ಘಮ’ ಎನ್ನುವುದು ಯಾವುದು? ಎಣ್ಣೆ, ಕೊಬ್ಬು, ಮಸಾಲೆಯ ರಸ ಕೆಳಗೆ ತೊಟ್ಟಿಕ್ಕಿ, ಕಾದ ಮೈಗೆ ತಗುಲಿ ಚುರ್ ಎಂದು ಹೊಗೆಯಾಗಿ ಮತ್ತೆ ಮೇಲೆ ಬಂದು ಪದಾರ್ಥಕ್ಕೆ ಅಂಟುವುದು. ಆ ಕಾದ ಮೈ ಕೆಂಡವೇ ಆಗಬೇಕೆಂದಿಲ್ಲ. ಗ್ಯಾಸ್ ಗ್ರಿಲ್‌ನಲ್ಲಿ ಬರ್ನರ್‌ಗಳ ಮೇಲೆ ಮನೆ ಸೂರಿನಂತೆ ಇಳಿಜಾರಾಗಿ ಕೂರಿಸಿರುವ ಲೋಹದ ಪಟ್ಟಿಗಳು ಇರುವುದೇ ಇದಕ್ಕೆ. ರಸ ಅವುಗಳ ಮೇಲೆ ಬಿದ್ದು ಹೊಗೆಯಾಗುತ್ತದೆ, ಉಳಿದ ಜಿಡ್ಡು ಜಾರಿ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಹಿಂದೆ ಇದೇ ಕೆಲಸಕ್ಕೆ ಲಾವಾ ಕಲ್ಲು ಹಾಕುತ್ತಿದ್ದರು. ಅವು ಜಿಡ್ಡನ್ನು ಹೀರಿಟ್ಟುಕೊಂಡು ಆಗಾಗ ಭಗ್ಗನೆ ಉರಿಯುತ್ತಿದ್ದವು. ಆದ್ದರಿಂದ ಕೊಳ್ಳುವಾಗ ಜಾಲರಿ ಎತ್ತಿ ಆ ಪಟ್ಟಿಗಳನ್ನು ನೋಡಿ. ತೆಳ್ಳಗೆ ಬಾಗುವಂತಿದ್ದರೆ ಬಿಡಿ.

ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವ ಅಡುಗೆಯಲ್ಲಿ ಗ್ಯಾಸು, ಇದ್ದಿಲುಗಳ ನಡುವೆ ಅಂಥ ಅಂತರವೇನೂ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಹೊಗೆಯಲ್ಲೇ ಬೇಯಬೇಕಾದ ಟೆಕ್ಸಾಸ್ ಮಾದರಿಯ ಮಾಂಸದ ಮಾತು ಬೇರೆ. ಅಲ್ಲಿ ಕಟ್ಟಿಗೆಯೇ ಗೆಲ್ಲುತ್ತದೆ. ಕಟ್ಟಿಗೆಯಲ್ಲಿರುವ ಲಿಗ್ನಿನ್ ಒಡೆದು ಬರುವ ಗ್ವಾಯಕಾಲ್, ಸಿರಿಂಗಾಲ್‌ಗಳೇ ಆ ಪರಿಮಳ. ಗ್ಯಾಸಿನವರು ತೂತಿರುವ ಸ್ಟೀಲ್ ಡಬ್ಬಿಯಲ್ಲಿ ಒಣ ಚಕ್ಕೆ ತುಂಬಿ ಉರಿಯ ಮೇಲಿಟ್ಟರೆ ಅದರ ಒಂದು ಪಾಲು ಸಿಗುತ್ತದೆ. ಚಕ್ಕೆಯನ್ನು ನೀರಲ್ಲಿ ನೆನೆಸಬೇಕು ಎನ್ನುವುದೂ ಸುಳ್ಳೇ. ಮೊದಲು ಏಳುವ ಬಿಳಿ ಹೊಗೆ ಬರೀ ಆವಿ, ನೀರು ಆರುವವರೆಗೆ ಚಕ್ಕೆ ಹೊತ್ತುವುದಿಲ್ಲ.

“ನಾವು ಸಸ್ಯಾಹಾರಿಗಳು, ನಮಗ್ಯಾಕೆ?”

ಸುಟ್ಟ ಬದನೆಕಾಯಿ ಗೊಜ್ಜು ಮಾಡುವವರು ಕೇಳುವ ಪ್ರಶ್ನೆಯೇ ಇದು! ಅಮೆರಿಕದ ಅಡುಗೆಮನೆಗಳಲ್ಲಿ ಕರೆಂಟಿನ ಒಲೆಗಳೇ ಹೆಚ್ಚು, ಅದರ ಮೇಲೆ ಬದನೆಕಾಯಿ ಸುಡುವುದು ಆಗದ ಮಾತು. ಹೊಗೆ ಎದ್ದರೆ ಅಲಾರಂ ಬೇರೆ ಕೂಗುತ್ತದೆ. ಹಿತ್ತಲ ಗ್ರಿಲ್ ಇದ್ದರೆ ದಪ್ಪ ಬದನೆಕಾಯಿಗೆ ಎಣ್ಣೆ ಸವರಿ, ಸಿಡಿಯದಂತೆ ನಾಲ್ಕು ಕಡೆ ಚುಚ್ಚಿ, ಜೋರು ಉರಿಯಲ್ಲಿಟ್ಟು ಮುಚ್ಚಳ ಮುಚ್ಚಿ. ಐದಾರು ನಿಮಿಷಕ್ಕೊಮ್ಮೆ ತಿರುಗಿಸಿ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಸಿಪ್ಪೆ ಕರಿಯಾಗಿ, ಕಾಯಿ ಗಾಳಿ ಹೋದ ಬಲೂನಿನಂತೆ ಕುಸಿಯುತ್ತದೆ. ಸಿಪ್ಪೆ ಸುಲಿದು, ಪಕ್ಕದಲ್ಲೇ ಸುಟ್ಟ ಹಸಿಮೆಣಸಿನಕಾಯಿ ಜೊತೆ ಕಿವುಚಿ, ಉಪ್ಪು, ಮೊಸರು, ಸಾಸಿವೆ ಒಗ್ಗರಣೆ ಕೊಟ್ಟರೆ ಆಯಿತು. ಮುಸುಕಿನ ಜೋಳ, ಗೆಣಸು, ಪನೀರ್, ಅನಾನಸ್ ಯಾವುದೂ ಬಿಡುವಂಥದ್ದಲ್ಲ. ಮಾಂಸವನ್ನು ಜೋರು ಉರಿಯಲ್ಲಿ ಸುಟ್ಟಾಗ ಹುಟ್ಟುವ, ಆರೋಗ್ಯಕ್ಕೆ ಒಳ್ಳೆಯದಲ್ಲದ ಎಚ್‌ಸಿಎ ಎಂಬ ವಸ್ತುಗಳು ತರಕಾರಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂಬುದು ಸಸ್ಯಾಹಾರಿಗಳಿಗೆ ಸಿಕ್ಕ ಹೆಚ್ಚುವರಿ ಲಾಭ.

“ಅಯಸ್ಕಾಂತ ಅಂಟಿದರೆ ಅದು ಸ್ಟೇನ್‌ಲೆಸ್ ಅಲ್ಲ”

ಬೆಳ್ಳಗಿರುವುದೆಲ್ಲ ಹಾಲಲ್ಲ, ನಿಜ. ಆದರೆ ಈ ಪರೀಕ್ಷೆಯ ಅರ್ಥವನ್ನು ಜನ ತಪ್ಪು ತಿಳಿದಿದ್ದಾರೆ. 304 ದರ್ಜೆಯ ಸ್ಟೀಲಿನಲ್ಲಿ ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್ ಇರುತ್ತದೆ, ಅದಕ್ಕೆ ಅಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ. 430 ದರ್ಜೆಯಲ್ಲಿ ನಿಕ್ಕಲ್ ಇಲ್ಲದಂತೆಯೇ, ಹಿಡಿಯುತ್ತದೆ. ಎರಡೂ ಸ್ಟೇನ್‌ಲೆಸ್ ಸ್ಟೀಲೇ. ಎರಡನೆಯದಕ್ಕೆ ತುಕ್ಕು ಬೇಗ ಬರುತ್ತದೆ, ಬೆಲೆಯೂ ಕಡಿಮೆ. ಹೊರಗಿನ ಬಾಗಿಲು 430 ಆದರೆ ನಷ್ಟವೇನಿಲ್ಲ. ಬರ್ನರ್ ಕೊಳವೆ ಮಾತ್ರ 304 ಇರಲಿ, ಏಕೆಂದರೆ ಮೊದಲು ತೂತಾಗುವುದು ಅದೇ. ಬೀಡಿನ ಜಾಲರಿ ಕಾವು ಹಿಡಿದಿಡುತ್ತದೆ, ಆದರೆ ನಮ್ಮ ಬೀಡಿನ ಕಾವಲಿಗೆ ಮಾಡುವಂತೆ ಎಣ್ಣೆ ಸವರಿ ಕಾಪಾಡಬೇಕು. ಸಮುದ್ರದ ಉಪ್ಪುಗಾಳಿ ಬೀಸುವ ಊರುಗಳಲ್ಲಿ 304 ಕೂಡ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಅಲ್ಲಿ ಎರಕದ ಅಲ್ಯೂಮಿನಿಯಂ ಒಡಲಿನ ಗ್ರಿಲ್ ಕೊಂಡವರೇ ಜಾಣರು.

“ಉರಿ ಏಳುತ್ತಿಲ್ಲ, ಗ್ರಿಲ್ ಕೆಟ್ಟಿದೆ”

ಹೊಸ ಗ್ರಿಲ್ ಕೊಂಡವರು ಕಸ್ಟಮರ್ ಕೇರ್‌ಗೆ ಫೋನ್ ಮಾಡಲು ಇದೊಂದು ದೊಡ್ಡ ಕಾರಣ. ಎಷ್ಟು ಹೊತ್ತು ಬಿಟ್ಟರೂ ಕಾವು 120–150 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಜ್ವಾಲೆ ದೀಪದ ಕುಡಿಯಷ್ಟು. ಗ್ಯಾಸ್ ಖಾಲಿಯೆಂದು ಸಿಲಿಂಡರ್ ಬದಲಿಸಿದರೂ ಅದೇ ಕಥೆ. ಬಹಳ ಸಲ ಏನೂ ಕೆಟ್ಟಿರುವುದಿಲ್ಲ. ಅಮೆರಿಕದ ಗ್ರಿಲ್‌ಗಳಲ್ಲಿ ಸಿಲಿಂಡರಿಗೆ ತಿರುಗಿಸಿ ಕೂರಿಸುವ ದೊಡ್ಡ ಪ್ಲಾಸ್ಟಿಕ್ ತಿರುಪಿನೊಳಗೆ ಒಂದು ಕಾವಲು ವ್ಯವಸ್ಥೆ ಇದೆ. ಗ್ಯಾಸ್ ಒಮ್ಮೆಲೇ ಜೋರಾಗಿ ನುಗ್ಗಿದರೆ ಎಲ್ಲೋ ಪೈಪ್ ಹರಿದಿದೆ ಎಂದು ತಿಳಿದು ಅದು ಹರಿವನ್ನು ತಡೆದುಬಿಡುತ್ತದೆ. ಬರ್ನರ್ ನಾಬ್ ತಿರುಗಿಸಿಟ್ಟು ಆಮೇಲೆ ಸಿಲಿಂಡರ್ ತೆರೆದರೂ, ಸಿಲಿಂಡರನ್ನು ಸರಕ್ಕನೆ ತೆರೆದರೂ ಅದಕ್ಕೆ ಹಾಗೆಯೇ ಅನ್ನಿಸುತ್ತದೆ.

ಪರಿಹಾರ ಇಷ್ಟೇ. ಮುಚ್ಚಳ ತೆರೆದು, ನಾಬ್‌ಗಳನ್ನೂ ಸಿಲಿಂಡರನ್ನೂ ಬಂದ್ ಮಾಡಿ, ತಿರುಪು ಬಿಚ್ಚಿ. ಕೆಲವು ನಿಮಿಷ ಬಿಟ್ಟು ಮತ್ತೆ ಕೂರಿಸಿ. ನಾಬ್‌ಗಳು ಬಂದ್ ಇರುವಾಗಲೇ ಸಿಲಿಂಡರನ್ನು ನಿಧಾನವಾಗಿ ತೆರೆದು, ಆಮೇಲೆ ಹೊತ್ತಿಸಿ. ಇಷ್ಟಕ್ಕೂ ಸರಿಹೋಗದಿದ್ದರೆ ಬರ್ನರ್ ಕೊಳವೆಯ ಬಾಯಿ ನೋಡಿ. ಜೇಡಗಳಿಗೆ ಅದು ಹೇಳಿ ಮಾಡಿಸಿದ ಮನೆ. ಬಲೆ ಕಟ್ಟಿಕೊಂಡಿದ್ದರೆ ಉರಿ ಮುಂದಕ್ಕೆ ಹೋಗದೆ ನಾಬ್ ಕಡೆಗೇ ತಿರುಗಬಹುದು. ಚಳಿಗಾಲ ಕಳೆದು ಮೊದಲ ಸಲ ಹೊತ್ತಿಸುವಾಗ ಇದನ್ನು ಮರೆಯಬಾರದು.

ಸಿಲಿಂಡರಿನ ಮಾತು ಬಂತಲ್ಲ: 20 ಪೌಂಡ್ ಅಂದರೆ 9 ಕೆಜಿ ಪ್ರೊಪೇನ್‌ನಲ್ಲಿ ಸುಮಾರು 4,30,000 ಬಿಟಿಯು ಇರುತ್ತದೆ. 36,000ದ ಗ್ರಿಲ್ ಪೂರ್ತಿ ಉರಿಯಲ್ಲಿ 12 ಗಂಟೆ ನಡೆಯುತ್ತದೆ. ಖಾಲಿ ಕೊಟ್ಟು ತುಂಬಿದ್ದು ತರುವ ಕಡೆ ಹಲವು ಸಲ 15 ಪೌಂಡ್ ಮಾತ್ರ ತುಂಬಿರುತ್ತಾರೆ, ಲೇಬಲ್ ಓದಿ.

ಸಣ್ಣಪುಟ್ಟ ನಂಬಿಕೆಗಳು

ಮೊದಲು ಜೋರು ಉರಿಯಲ್ಲಿ ಸುಟ್ಟರೆ ಮಾಂಸದ ರಸ ಒಳಗೇ ಉಳಿಯುತ್ತದೆ ಎಂಬುದು 19ನೇ ಶತಮಾನದ ಜರ್ಮನ್ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್‌ನಿಂದ ಬಂದದ್ದು, ಅದು ಸುಳ್ಳೆಂದು ಎಂದೋ ಸಾಬೀತಾಗಿದೆ. ಜೋರು ಉರಿಯಿಂದ ಸಿಗುವುದು ಕಂದು ಬಣ್ಣ ಮತ್ತು ಘಮ. ಅದೇನು ಕಡಿಮೆ ಲಾಭವಲ್ಲ. ಮುಚ್ಚಳದ ಮೇಲಿನ ಥರ್ಮಾಮೀಟರ್ ತೋರಿಸುವುದು ಮುಚ್ಚಳದ ಬಳಿಯ ಗಾಳಿಯ ಕಾವನ್ನು, ಜಾಲರಿಯದ್ದನ್ನಲ್ಲ. ಕೋಳಿ ಬೆಂದಿದೆಯೇ ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಒಳಗೆ ಚುಚ್ಚುವ ಥರ್ಮಾಮೀಟರ್ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ತಂತಿ ಬ್ರಷ್ಷಿನಿಂದ ತಿಕ್ಕುವುದೂ ಬೇಡ. ಉದುರಿದ ತಂತಿ ಆಹಾರದೊಡನೆ ಹೊಟ್ಟೆ ಸೇರಿ ಆಸ್ಪತ್ರೆಗೆ ಬಂದವರ ಬಗ್ಗೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2012ರಲ್ಲೇ ಎಚ್ಚರಿಸಿದೆ.

“ಬಾಲ್ಕನಿಯಲ್ಲಿ ಇಟ್ಟರಾಯಿತು, ಊರಿಗೂ ಒಯ್ಯಬಹುದು”

ಎರಡಕ್ಕೂ ಬೇಡ ಎನ್ನುತ್ತೇನೆ. ಗ್ಯಾಸ್ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟಬಹುದು, ಅದಕ್ಕೆ ವಾಸನೆಯಿಲ್ಲ. ಗ್ಯಾರೇಜಿನ ಬಾಗಿಲು ತೆರೆದಿಟ್ಟರೂ ಒಳಗೆ ಗ್ರಿಲ್ ಹೊತ್ತಿಸಬಾರದು. ಅಮೆರಿಕದ ಹಲವು ಊರುಗಳಲ್ಲಿ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ, ಕಟ್ಟಡದಿಂದ 10 ಅಡಿಯೊಳಗೆ ಗ್ರಿಲ್ ಬಳಸಲು ಅಗ್ನಿಶಾಮಕ ನಿಯಮವೇ ಬಿಡುವುದಿಲ್ಲ. ಬೆಂಗಳೂರಿನ ಬಾಲ್ಕನಿಗೂ ಅದೇ ಬುದ್ಧಿ ಒಳ್ಳೆಯದು. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರ, ಹಾರಿಹೋಗದೆ ನೆಲದಲ್ಲೇ ಹರಡಿ ನಿಲ್ಲುತ್ತದೆ.

ಅಮೆರಿಕದ ಗ್ರಿಲ್ಲನ್ನು ಹಡಗಿನಲ್ಲಿ ತರಿಸಿಕೊಂಡು ಇಲ್ಲಿನ 14.2 ಕೆಜಿ ಸಿಲಿಂಡರಿಗೆ ಜೋಡಿಸುವ ಸಾಹಸವೂ ನಡೆಯುತ್ತದೆ. ಅಲ್ಲಿನದು ತಿರುಪಿನ ಜೋಡಣೆ, ಇಲ್ಲಿನದು ಒತ್ತಿ ಕೂರಿಸುವ ರೆಗ್ಯುಲೇಟರ್. ಅಲ್ಲಿನದು ಪ್ರೊಪೇನ್, ನಮ್ಮದು ಬ್ಯೂಟೇನ್, ಪ್ರೊಪೇನ್‌ಗಳ ಮಿಶ್ರಣ. ನಡುವೆ ಯಾರೋ ಮಾಡಿಕೊಟ್ಟ ಹಿತ್ತಾಳೆ ತುಂಡು ಹಾಕುವುದು, ಹೋಟೆಲ್ ಭಟ್ಟಿಯ ಹೈಪ್ರೆಶರ್ ರೆಗ್ಯುಲೇಟರ್ ಸಿಕ್ಕಿಸುವುದು ಎರಡೂ ಅಪಾಯ. ಕೊಳವೆ ಗ್ಯಾಸಿಗಂತೂ ಜೆಟ್‌ಗಳ ತೂತೇ ಬೇರೆ ಅಳತೆ. ಸಿಲಿಂಡರಿನ ಗ್ರಿಲ್ಲನ್ನು ಅದಕ್ಕೆ, ಅದರದ್ದನ್ನು ಸಿಲಿಂಡರಿಗೆ ಜೋಡಿಸಲೇಬಾರದು. ಇಲ್ಲಿ ಬಳಸುವುದಾದರೆ ಇಲ್ಲಿನ ಗ್ಯಾಸಿಗೆಂದೇ ಮಾಡಿದ್ದನ್ನು ಕೊಳ್ಳಿ.

ಅಂಗಡಿಗೆ ಹೋಗುವಾಗ ಅಳತೆ ಟೇಪು, ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಗ್ರಿಲ್ ಕೂರಿಸಿದ ಗಾಡಿಯನ್ನು ಹಿಡಿದು ಅಲುಗಾಡಿಸಿ. ಬರ್ನರ್‌ಗೆ ಎಷ್ಟು ವರ್ಷದ ವಾರಂಟಿ, ಬಿಡಿಭಾಗ ಸಿಗುತ್ತದೆಯೇ ಎಂದು ಕೇಳಿ. ಮನೆಗೆ ತಂದ ಮೇಲೆ, ಸಿಲಿಂಡರ್ ಬದಲಿಸಿದ ಪ್ರತಿ ಸಲವೂ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ನೋಡಿಕೊಂಡು, ಮುಚ್ಚಳವನ್ನು ತೆರೆದಿಟ್ಟೇ ಹೊತ್ತಿಸಿ.