ಚಿತಾಗಾರದಲ್ಲಿ ಕುಲುಮೆಗೆ ಮುಂಚಿನ ಸಲಕರಣೆಗಳು

ವಿದ್ಯುತ್ ಅಥವಾ ಅನಿಲ ಚಿತಾಗಾರವನ್ನು ಕಟ್ಟುವಾಗ ಹಣವೂ ಗಮನವೂ ಬಹುಪಾಲು ಕುಲುಮೆಗೇ ಸಲ್ಲುತ್ತವೆ. ಆದರೆ ಮೃತದೇಹವನ್ನು ಕಾಯ್ದಿರಿಸುವ ಶೈತ್ಯಕೋಣೆ, ಅದನ್ನು ಸಾಗಿಸುವ ಟ್ರಾಲಿ, ಕುಲುಮೆಯೊಳಗೆ ಸೇರಿಸುವ ಸಾಧನ ಇವು ಒಂದಕ್ಕೊಂದು ಹೊಂದದಿದ್ದರೆ ಅಂತ್ಯಕ್ರಿಯೆ ಘನತೆಯಿಂದ ನಡೆಯಲಾರದು. ಒಂದು ದೇಹದ ದಹನಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆ ಹಿಡಿಯುವುದರಿಂದ, ಸಾವುಗಳು ಏಕಾಏಕಿ ಹೆಚ್ಚಿದಾಗ ಒತ್ತಡವನ್ನು ತಾಳಿಕೊಳ್ಳಬೇಕಾದುದು ಕಾಯ್ದಿರಿಸುವ ವ್ಯವಸ್ಥೆಯೇ. ಕೋವಿಡ್ ಅಲೆಯ ವೇಳೆ, 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ, ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತು, ತಾವರೆಕೆರೆ ಮತ್ತು ಗಿಡ್ಡೇನಹಳ್ಳಿಗಳಲ್ಲಿ ಬಯಲು ಚಿತೆಗಳಿಗೆ ಏರ್ಪಾಡು ಮಾಡಬೇಕಾಗಿ ಬಂದುದು ಈ ಮಾತಿಗೆ ನೋವಿನ ಸಾಕ್ಷಿ.

ಕೆಲವು ದಿನಗಳ ಮಟ್ಟಿಗೆ ದೇಹವನ್ನು ಇರಿಸಲು 2ರಿಂದ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸೂಕ್ತವೆನಿಸಿದೆ. ಈ ಮಟ್ಟದಲ್ಲಿ ಕೊಳೆಯುವಿಕೆಗೆ ಕಾರಣವಾಗುವ ಬ್ಯಾಕ್ಟೀರಿಯಗಳ ಚಟುವಟಿಕೆ ಬಹಳ ನಿಧಾನಗೊಳ್ಳುತ್ತದೆ, ಆದರೆ ಅಂಗಾಂಶದ ನೀರು ಹೆಪ್ಪುಗಟ್ಟುವುದಿಲ್ಲ. ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆ ಅಪರಾಧ ತನಿಖೆಯಂಥ ದೀರ್ಘಕಾಲದ ಅಗತ್ಯಕ್ಕೆ ಮಾತ್ರ ತಕ್ಕದ್ದು, ಏಕೆಂದರೆ 70 ಕಿಲೋ ತೂಕದ ದೇಹದಲ್ಲಿ ಸುಮಾರು 42 ಕಿಲೋ ನೀರಿದ್ದು, ಅದು ಪೂರ್ತಿ ಹೆಪ್ಪುಗಟ್ಟಿದ್ದರೆ ಕರಗಿಸುವುದಕ್ಕೇ ಕುಲುಮೆ ಹೆಚ್ಚುವರಿಯಾಗಿ ಸುಮಾರು 4 ಯೂನಿಟ್ ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ಶೈತ್ಯಕೋಣೆಗೆ ಜನರೇಟರ್ ಇರಲೇಬೇಕು. ಒಳಗೆ ಸಿಕ್ಕಿಕೊಂಡ ಕೆಲಸಗಾರ ಒಳಗಿನಿಂದಲೇ ತೆರೆಯಬಹುದಾದ ಬಾಗಿಲೂ ಇರಬೇಕು.

ಹೆಚ್ಚಿನ ವಿವೇಚನೆ ಬೇಕಾದುದು ಸಾಗಣೆಯ ಸಾಧನಗಳ ಆಯ್ಕೆಯಲ್ಲಿ. 800 ಡಿಗ್ರಿಯಲ್ಲಿರುವ ಕುಲುಮೆಯ ಬಾಗಿಲು ತೆರೆದಾಗ ಆ ತೆರಪಿನಿಂದ ಪ್ರತಿ ಚದರ ಮೀಟರಿಗೆ ಸುಮಾರು 75 ಕಿಲೋವಾಟ್‌ನಷ್ಟು ಶಾಖ ಹೊರಸೂಸುತ್ತದೆ. ನಡುಹಗಲಿನ ನೆತ್ತಿಬಿಸಿಲು ಸುಮಾರು 1 ಕಿಲೋವಾಟ್ ಎಂಬುದನ್ನು ನೆನೆದರೆ, ಬಾಗಿಲ ಬಳಿ ನಿಂತು ಕೈಯಿಂದ ದೇಹವನ್ನು ತಳ್ಳುವುದು ಎಷ್ಟು ಅಪಾಯಕರವೆಂಬುದು ಸ್ಪಷ್ಟವಾಗುತ್ತದೆ. ಹಳಿಗಳ ಮೇಲೆ ಚಲಿಸಿ ಉದ್ದನೆಯ ತೋಳುಗಳಿಂದ ದೇಹವನ್ನು ಒಳಗಿರಿಸಿ ಹಿಂದೆ ಸರಿಯುವ ಟ್ರಾಲಿ ಈ ಕಾರಣದಿಂದ ಅನುಕೂಲವೆಂದಲ್ಲ, ಅನಿವಾರ್ಯವೆಂದೇ ಪರಿಗಣಿತವಾಗಬೇಕು. ಶೈತ್ಯಕೋಣೆಯ ಅಟ್ಟಣಿಗೆಗಳು ಬೇರೆಬೇರೆ ಎತ್ತರದಲ್ಲಿರುವುದರಿಂದ, ಕತ್ತರಿಯಂತೆ ಮಡಚಿ ತೆರೆಯುವ ಉಕ್ಕಿನ ತೋಳುಗಳ ಮೇಲೆ ಏರಿಳಿಯುವ, ಮೇಲ್ಮೈಯಲ್ಲಿ ಉರುಳೆಗಳಿರುವ ಇನ್ನೊಂದು ಟ್ರಾಲಿ ಬೇಕಾಗುತ್ತದೆ. ಅದರಿಂದ ದೇಹವನ್ನು ಎತ್ತದೆ ಜಾರಿಸಿಯೇ ವರ್ಗಾಯಿಸಬಹುದು, ಕೆಲಸಗಾರರ ಬೆನ್ನೂ ಉಳಿಯುತ್ತದೆ. ಈ ಕೆಲಸಗಾರರ ಆರೋಗ್ಯವನ್ನು ಖರೀದಿಪಟ್ಟಿಗಳು ಅಪರೂಪಕ್ಕೂ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂಬುದು ವಿಷಾದದ ಸಂಗತಿ.

ಟ್ರಾಲಿ, ಅಟ್ಟಣಿಗೆಗಳ ಸೋಂಕು ನಿವಾರಣೆಗೆ ಬಳಸುವ ಬ್ಲೀಚಿಂಗ್ ದ್ರಾವಣದ ಕ್ಲೋರಿನ್ ಸಂಯುಕ್ತಗಳು ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿಯೂ ಸಣ್ಣ ಕುಳಿಗಳನ್ನು ಕೊರೆಯುತ್ತವೆಯಾದ್ದರಿಂದ, ಮಾಲಿಬ್ಡಿನಮ್ ಬೆರೆತ 316 ದರ್ಜೆಯ ಉಕ್ಕು 304 ದರ್ಜೆಯದಕ್ಕಿಂತ ಹೆಚ್ಚು ಬಾಳುತ್ತದೆ. ಇವುಗಳ ಜೊತೆಗೆ, ದೇಹವನ್ನು ಸ್ವೀಕರಿಸುವ ಹಂತದಲ್ಲಿಯೇ ಪೇಸ್‌ಮೇಕರ್ ಇದೆಯೇ ಎಂದು ವಿಚಾರಿಸಿ ದಾಖಲಿಸುವ ಮೇಜೊಂದು ಅಗತ್ಯ. ಹೃದಯದ ಬಡಿತವನ್ನು ನಿಯಂತ್ರಿಸುವ ಆ ಸಾಧನದ ಮುಚ್ಚಿದ ಬ್ಯಾಟರಿ ಕುಲುಮೆಯಲ್ಲಿ ಸಿಡಿಯುತ್ತದೆ, ಬ್ರಿಟನ್ನಿನ ಚಿತಾಗಾರವೊಂದರಲ್ಲಿ 1976ರಲ್ಲಿಯೇ ಹೀಗಾದುದು ವರದಿಯಾಗಿದೆ. ಎಲ್ಲ ಅಳತೆಗಳನ್ನೂ ಕುಲುಮೆಯ ಬಾಗಿಲಿನ ಅಗಲ ಮತ್ತು ಹೊಸ್ತಿಲಿನ ಎತ್ತರದಿಂದ ಆರಂಭಿಸಿ ಹಿಮ್ಮುಖವಾಗಿ ಟ್ರಾಲಿಗೆ, ಆಮೇಲೆ ಅಟ್ಟಣಿಗೆಗೆ, ಕೊನೆಗೆ ಆಂಬುಲೆನ್ಸ್ ನಿಲ್ಲುವ ಕಟ್ಟೆಗೆ ಹೊಂದಿಸಿ, ಅನಂತರವೇ ಖರೀದಿಗೆ ತೊಡಗುವುದು ಸರಿಯಾದ ಕ್ರಮ.