ಗೆರೆಯ ಅಗಲವೂ ಮಂದ್ರದ ಏಟೂ

ಗ್ರಾಮಫೋನ್ ತಟ್ಟೆಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಒಂದು ಮಾತನ್ನು ಪದೇ ಪದೇ ಹೇಳುವುದುಂಟು. ಹಾಡನ್ನು ಸರಿಯಾಗಿ ಕೇಳಬೇಕಾದರೆ ತಟ್ಟೆಯಲ್ಲಿಯೇ ಕೇಳಬೇಕು. ಅದರಲ್ಲಿಯೂ ಮೊದಲ ಅಚ್ಚಿನ ತಟ್ಟೆಯಾಗಿರಬೇಕು ಎಂದು. ಈ ಮಾತು ಎಷ್ಟರಮಟ್ಟಿಗೆ ನಿಜ? ನಮಗೆ ಈ ಪ್ರಶ್ನೆ ಎದುರಾದುದು ಅಮೆರಿಕದ ಕಪ್ಪು ಜನಾಂಗದ ಯುವಕರ ತಂಡವೊಂದು 1988ರಲ್ಲಿ ಹೊರತಂದ 'ಸ್ಟ್ರೈಟ್ ಔಟಾ ಕಾಂಪ್ಟನ್' ಎಂಬ ತಟ್ಟೆಯಿಂದ. ತಂಡದ ಹೆಸರು ಎನ್.ಡಬ್ಲ್ಯು.ಎ. ಈಝಿ-ಇ, ಐಸ್ ಕ್ಯೂಬ್, ಡಾಕ್ಟರ್ ಡ್ರೆ, ಎಂ.ಸಿ. ರೆನ್, ಡಿ.ಜೆ. ಯೆಲ್ಲ ಎಂಬವರು ಅದರ ಪ್ರಮುಖರು. ತಾಳಕ್ಕೆ ಸರಿಯಾಗಿ ಪ್ರಾಸಬದ್ಧವಾದ ಮಾತನ್ನು ಬಿರುಸಾಗಿ ಆಡುವ ಈ ಪದ್ಧತಿಗೆ ರ‍್ಯಾಪ್ ಎಂದು ಹೆಸರು. ಬೀದಿಯ ಗುಂಪುಗಳು, ಮಾದಕದ್ರವ್ಯ, ಪೊಲೀಸರ ದಬ್ಬಾಳಿಕೆ ಇವನ್ನು ಒಳಗಿನವರ ಬಾಯಿಂದಲೇ ನುಡಿಸುವ ಅದರ ಒಂದು ಶಾಖೆಯನ್ನು ಗ್ಯಾಂಗ್‌ಸ್ಟ ರ‍್ಯಾಪ್ ಎನ್ನುತ್ತಾರೆ. ಆ ಶಾಖೆಯನ್ನು ದೇಶದಾದ್ಯಂತ ಪ್ರಸಿದ್ಧಿಗೆ ತಂದ ಕೃತಿಗಳಲ್ಲಿ ಇದು ಮುಖ್ಯವಾದುದು.

ವಿದ್ಯಾರ್ಥಿಗಳಾಗಿದ್ದಾಗ ವಸತಿಗೃಹದಲ್ಲಿ ಗೆಳೆಯರ ಮೊಬೈಲ್ ಫೋನಿನಲ್ಲಿ ನಾವು ಇದನ್ನು ಕೇಳಿದ್ದೆವು. ಬೈಗುಳ ಮತ್ತು ಗದ್ದಲ ಎಂದು ಅಂದೇ ತೀರ್ಪು ಕೊಟ್ಟುಬಿಟ್ಟೆವು. ಉಗುರಿನಷ್ಟು ಅಗಲದ ಧ್ವನಿವರ್ಧಕವು ಮಂದ್ರಸ್ವರಗಳನ್ನು ಹೊರಡಿಸಲಾರದೆಂಬುದನ್ನು ಪುಸ್ತಕದಲ್ಲಿ ಓದಿದ್ದರೂ, ಆ ತೀರ್ಪಿಗೂ ಅದಕ್ಕೂ ಸಂಬಂಧವಿರಬಹುದೆಂದು ಆಗ ನಮಗೆ ಹೊಳೆಯಲಿಲ್ಲ. ಹಲವು ವರ್ಷಗಳ ಮೇಲೆ, ವಿದೇಶದಲ್ಲಿರುವ ಮಿತ್ರರೊಬ್ಬರು ಹಳೆಯ ಅಚ್ಚಿನ ತಟ್ಟೆಯನ್ನೇ ಕಳುಹಿಸಿಕೊಟ್ಟರು. ಒಳ್ಳೆಯ ಉಪಕರಣದಲ್ಲಿ ಹಾಕಿ ಕೇಳಿದರೆ ಆಶಾಭಂಗ! ಮಂದ್ರದ ಏಟು ಇದೆ, ಆದರೆ ಬಡವಾಗಿದೆ. ಅದೇ ಹಾಡುಗಳನ್ನು ಸಿ.ಡಿ.ಯಲ್ಲಿ ಕೇಳಿದಾಗ ಏಟು ಎದೆಗೆ ತಾಗುವಂತಿತ್ತು. ಹಳೆಯ ತಟ್ಟೆಯೇ ಶ್ರೇಷ್ಠವೆಂಬ ಸಂಗ್ರಾಹಕರ ಮಾತು ಇಲ್ಲಿ ತಲೆಕೆಳಗಾದುದೇಕೆ?

ಕಾರಣವನ್ನು ತಿಳಿಯಲು ತಟ್ಟೆಯನ್ನು ಪ್ರಯೋಗಶಾಲೆಗೆ ಒಯ್ದು ಟ್ರಾವೆಲಿಂಗ್ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ಓದುಗರಿಗೆ ತಿಳಿದಿರುವಂತೆ, ತಟ್ಟೆಯ ಒಂದು ಮುಖದಲ್ಲಿರುವುದು ಅನೇಕ ಗೆರೆಗಳಲ್ಲ. ಹೊರ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುವ ಒಂದೇ ಗೆರೆ. ಅದು ಇಳಿಜಾರು ಗೋಡೆಗಳುಳ್ಳ ಒಂದು ಕಿರುಗಾಲುವೆ. ಕಾಲುವೆ ಅಂಕುಡೊಂಕಾದಂತೆ ಅದರಲ್ಲಿ ಓಡುವ ಮುಳ್ಳು ಅತ್ತಿತ್ತ ತುಯ್ಯುತ್ತದೆ. ಆ ತುಯ್ತವೇ ವಿದ್ಯುತ್ತಾಗಿ, ಬಳಿಕ ಧ್ವನಿಯಾಗಿ ಮಾರ್ಪಡುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವುದರಿಂದ ಒಂದು ಸುತ್ತಿಗೆ 1.8 ಸೆಕೆಂಡು. ನಮ್ಮ ತಟ್ಟೆಯ ಹಾಡುಗಳ ಒಟ್ಟು ಕಾಲ ಸುಮಾರು 60 ನಿಮಿಷ. ಅಂದರೆ ಒಂದು ಮುಖಕ್ಕೆ 30 ನಿಮಿಷ, ಸರಿಯಾಗಿ 1000 ಸುತ್ತು. ಧ್ವನಿಯನ್ನು ಕೊರೆಯಲು ದೊರೆಯುವ ಪಟ್ಟಿಯ ಅಗಲ ಸುಮಾರು 86 ಮಿಲಿಮೀಟರು. ಆದುದರಿಂದ ಒಂದು ಸುತ್ತಿನ ಪಾಲಿಗೆ ಬರುವುದು 0.086 ಮಿಲಿಮೀಟರು ಮಾತ್ರ. ಇದರಲ್ಲಿ ಕಾಲುವೆಯ ಬಾಯಿಯೇ 0.05 ಮಿಲಿಮೀಟರಿನಷ್ಟನ್ನು ನುಂಗಿಬಿಡುತ್ತದೆ. ನೆರೆಯ ಎರಡು ಗೆರೆಗಳು ತುಯ್ಯಲು ಉಳಿಯುವುದು 0.036.

ಮಂದ್ರದ ಏಟಿಗೆ ಎಷ್ಟು ಜಾಗ ಬೇಕು? ಮುಳ್ಳು ಸೆಕೆಂಡಿಗೆ 5 ಸೆಂಟಿಮೀಟರು ಗರಿಷ್ಠ ವೇಗದಿಂದ ತುಯ್ಯುವುದೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ 1000 ಕಂಪನಗಳ ಸ್ವರಕ್ಕೆ ಅದು ಪಕ್ಕಕ್ಕೆ ಸರಿಯುವ ದೂರ 0.008 ಮಿಲಿಮೀಟರು. ಅದೇ ವೇಗದಲ್ಲಿ 50 ಕಂಪನಗಳ ಸ್ವರಕ್ಕೆ ಇದರ ಇಪ್ಪತ್ತರಷ್ಟು, ಅಂದರೆ 0.16 ಮಿಲಿಮೀಟರು ಬೇಕು. ಗೆರೆ ಪಕ್ಕದ ಗೆರೆಯನ್ನು ದಾಟಿ ಅದರಾಚೆಗೂ ಹೋದೀತು! ಇದನ್ನು ತಪ್ಪಿಸುವುದಕ್ಕಾಗಿ ಕೊರೆಯುವಾಗ ಮಂದ್ರವನ್ನು ಕುಗ್ಗಿಸಿ, ನುಡಿಸುವಾಗ ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸುವ ಕ್ರಮವನ್ನು ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘವು 1954ರಲ್ಲಿ ಗೊತ್ತುಮಾಡಿತು. (ಅಸಭ್ಯ ಮಾತುಗಳುಳ್ಳ ತಟ್ಟೆಗಳ ಮೇಲೆ ತಂದೆತಾಯಿಗಳಿಗೆ ಎಚ್ಚರಿಕೆಯನ್ನು ಅಚ್ಚುಹಾಕಲು 1985ರಲ್ಲಿ ಒಪ್ಪಿದುದೂ ಇದೇ ಸಂಘವೇ. ಒಂದೇ ಸಂಘ ಮಂದ್ರವನ್ನೂ ಬೈಗುಳವನ್ನೂ ಹದ್ದಿನಲ್ಲಿಡಲು ಹೊರಟಿತೆನ್ನಬೇಕು.) ಈ ಕ್ರಮದಂತೆ 50 ಕಂಪನಗಳ ಸ್ವರ ಸುಮಾರು ಏಳನೆಯ ಒಂದು ಭಾಗಕ್ಕೆ ಇಳಿಯುತ್ತದೆ, 0.16 ಇದ್ದುದು 0.023 ಆಗುತ್ತದೆ. ಆದರೂ ನೆರೆಹೊರೆಯ ಎರಡು ಗೆರೆಗಳು ಪರಸ್ಪರ ಎದುರಾಗಿ ತುಯ್ದರೆ 0.046 ಬೇಕು. ಇರುವುದು 0.036.

ನಿಶ್ಶಬ್ದವಾದ ಭಾಗಗಳಲ್ಲಿ ಗೆರೆಗಳನ್ನು ಒತ್ತಾಗಿ ಕೊರೆದು, ಗಟ್ಟಿಯಾದ ಭಾಗಗಳಿಗೆ ಜಾಗ ಉಳಿಸಿಕೊಳ್ಳುವ ಯಂತ್ರಗಳಿಲ್ಲವೇ ಎಂದು ಕೇಳಬಹುದು. ಇವೆ. ಆಲಾಪನೆಯಿಂದ ಮೊದಲಾಗುವ ಸಂಗೀತಕ್ಕೆ ಅವು ಬಹಳ ಒದಗುತ್ತವೆ. ಇಲ್ಲಿ ನಿಶ್ಶಬ್ದ ಭಾಗವೆಂಬುದೇ ಇಲ್ಲ. ರೋಲ್ಯಾಂಡ್ ಟಿ.ಆರ್.-808ರಂತಹ ತಾಳಯಂತ್ರಗಳ, 50 ಕಂಪನಗಳ ಆಸುಪಾಸಿನ ದೀರ್ಘವಾದ ಮಂದ್ರದೇಟು ಆ ಕಾಲದ ರ‍್ಯಾಪಿನ ಬೆನ್ನೆಲುಬು. ಅದು ಎಡೆಬಿಡದೆ ಬೀಳುತ್ತಿರುತ್ತದೆ. ನಿಮಿಷಕ್ಕೆ 100 ಏಟುಗಳ ನಡಿಗೆಯುಳ್ಳ ಹಾಡಿನಲ್ಲಿ ಒಂದು ಸುತ್ತಿಗೆ ಸರಿಯಾಗಿ ಮೂರು ಏಟು. ಹೀಗಾಗಿ ನೆರೆಗೆರೆಗಳ ಏಟುಗಳು ಒಂದರ ಪಕ್ಕದಲ್ಲಿ ಇನ್ನೊಂದು ಬಂದು ನಿಲ್ಲುತ್ತವೆ. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಗಾಡಿಯ ಚಕ್ರದ ಅರಗಳಂತೆ ಅವು ಬರಿಗಣ್ಣಿಗೇ ಕಾಣುವುದುಂಟು. ಇಂತಹ ಇಕ್ಕಟ್ಟಿನಲ್ಲಿ ಕೊರೆಯುವವನಿಗೆ ಉಳಿಯುವ ದಾರಿಯೊಂದೇ: ಇಡೀ ಧ್ವನಿಯ ಮಟ್ಟವನ್ನೇ ಇಳಿಸುವುದು, ಇಲ್ಲವೇ ಮಂದ್ರವನ್ನು ಇನ್ನಷ್ಟು ಕತ್ತರಿಸುವುದು. ಮಟ್ಟವನ್ನಿಳಿಸಿದರೆ ಕೇಳುವವನು ಅದನ್ನು ಏರಿಸಬೇಕು. ಆಗ ತಟ್ಟೆಯ ಚಟಪಟ ಸದ್ದೂ ಜೊತೆಗೇ ಏರುತ್ತದೆ.

ಇನ್ನೊಂದು ತೊಂದರೆ ಒಳಸುತ್ತುಗಳಲ್ಲಿದೆ. ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ 51 ಸೆಂಟಿಮೀಟರಿನಂತೆ ಓಡಿದರೆ, ಒಳಗೆ ಬರುಬರುತ್ತ ಅದು 21ಕ್ಕೆ ಇಳಿಯುತ್ತದೆ. ಸಕಾರದ ಸೀತ್ಕಾರದಲ್ಲಿರುವ 8000 ಕಂಪನಗಳ ಅಲೆಯ ಉದ್ದ ಹೊರಗೆ 0.064 ಮಿಲಿಮೀಟರು, ಒಳಗೆ 0.026. ಸಾಮಾನ್ಯ ಮುಳ್ಳಿನ ಮೊನೆಯ ವ್ಯಾಸವೇ 0.036ರಷ್ಟಿರುವಾಗ ಅದು ಅಷ್ಟು ಸಣ್ಣ ಅಲೆಯೊಳಕ್ಕೆ ಇಳಿಯುವುದೆಂತು? ವ್ಯಂಜನಗಳು ಮಸುಕಾಗುತ್ತವೆ. ರಾಗಪ್ರಧಾನವಾದ ಹಾಡಿನಲ್ಲಿ ಇದನ್ನು ಸಹಿಸಿಕೊಳ್ಳಬಹುದು. ವ್ಯಂಜನವನ್ನೇ ತಾಳವಾಗಿ ಬಳಸುವ ರ‍್ಯಾಪಿನಲ್ಲಿ ಅದು ಸಣ್ಣ ನಷ್ಟವಲ್ಲ.

ಈ ಕೃತಿಯ ಅತ್ಯಂತ ಪ್ರಸಿದ್ಧವಾದ ಮೂರು ಹಾಡುಗಳು ಮೊದಲನೆಯ ಮುಖದ ಹೊರ ಅಂಚಿನಲ್ಲಿಯೇ ಇವೆ. ಎಲ್ಲಕ್ಕಿಂತ ಸಡಿಲವಾದ ಕುಣಿತದ ಹಾಡು ಎರಡನೆಯ ಮುಖದ ಒಳತುದಿಯಲ್ಲಿದೆ. ಹಾಗಾದರೆ, ಮೊದಲು ಜೋರು, ಬರುಬರುತ್ತ ಸಪ್ಪೆ ಎಂಬ ವಿಮರ್ಶೆ ಗೆರೆಯ ದೋಷವೇ ಹೊರತು ಹಾಡಿನದಲ್ಲವೋ? ಒಮ್ಮೆ ಹಾಗೆಯೇ ನಂಬಿ ಸಂತೋಷಪಟ್ಟೆವು. ಆದರೆ ಒಳಸುತ್ತಿನ ತೊಂದರೆಯಿಲ್ಲದ ಸಿ.ಡಿ.ಯಲ್ಲಿಯೂ ಕೊನೆಯ ಹಾಡು ಸಪ್ಪೆಯಾಗಿಯೇ ಕೇಳಿಸಿತು. ಭೌತವಿಜ್ಞಾನ ಅದನ್ನು ಉದ್ಧರಿಸಲಿಲ್ಲ.

ಬದಲಾದುದು ಮೊದಲ ಹಾಡುಗಳ ಬಗೆಗಿನ ನಮ್ಮ ಅಭಿಪ್ರಾಯ. ಮಂದ್ರ ಸರಿಯಾಗಿ ಕೇಳಿಸಿದಾಗ ಗದ್ದಲವೆಂದುಕೊಂಡಿದ್ದುದರಲ್ಲಿ ಒಂದು ಕಟ್ಟಡ ಕಂಡಿತು: ಐಸ್ ಕ್ಯೂಬನ ಮಾತು ಏಟಿನ ಮೇಲೆಯೇ ಬೀಳದೆ, ಕೂದಲೆಳೆಯಷ್ಟು ಹಿಂದೆಮುಂದೆ ಬಿದ್ದು ಅದನ್ನು ಎಳೆಯುತ್ತದೆ. ಮೊದಲ ಹಾಡಿನ ನಗಾರಿಯ ಏಟುಗಳು ದಿ ವಿನ್‌ಸ್ಟನ್ಸ್ ತಂಡದ 1969ರ ತಟ್ಟೆಯೊಂದರಿಂದ ತೆಗೆದವು. ಅವನ್ನು ಬಾರಿಸಿದ ಗ್ರೆಗರಿ ಕೋಲ್ಮನ್‌ಗೆ, ಜಗತ್ತೆಲ್ಲ ಆ ಏಟುಗಳನ್ನು ಬಳಸಿದರೂ, ಗೌರವಧನವೆಂದು ಏನೂ ಸಲ್ಲಲಿಲ್ಲ. 2006ರಲ್ಲಿ ಆತ ತೀರಿಕೊಂಡ.

ಎರಡನೆಯ ಹಾಡು ನ್ಯಾಯಾಲಯದ ಅಣಕ. ಪೊಲೀಸನೇ ಆರೋಪಿ, ಯುವಕರೇ ಸಾಕ್ಷಿಗಳು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯ ಅಧಿಕಾರಿಯೊಬ್ಬರು 1989ರಲ್ಲಿ ಹಂಚಿಕೆದಾರರಿಗೆ ಆಕ್ಷೇಪಣೆಯ ಪತ್ರ ಬರೆದರು. 1991ರಲ್ಲಿ ಲಾಸ್ ಏಂಜಲೀಸಿನ ಪೊಲೀಸರು ರಾಡ್ನಿ ಕಿಂಗ್ ಎಂಬಾತನನ್ನು ಬಡಿದುದು ಚಿತ್ರೀಕರಣಗೊಂಡಿತು; 1992ರಲ್ಲಿ ಆ ಪೊಲೀಸರಿಗೆ ಶಿಕ್ಷೆಯಾಗದಿದ್ದಾಗ ನಗರವೇ ಹೊತ್ತಿ ಉರಿಯಿತು. ಆ ಬಳಿಕ ಹಾಡು ಬರಿಯ ಬೈಗುಳವೆಂದು ಹೇಳುವುದು ಕಷ್ಟವಾಯಿತು. ಆದರೆ ಹೆಂಗಸರನ್ನು ಕುರಿತು ಈ ತಟ್ಟೆಯಲ್ಲಿರುವ ಮಾತುಗಳು, ಧ್ವನಿ ಸ್ಪಷ್ಟವಾದಷ್ಟೂ ಹೆಚ್ಚು ಸ್ಪಷ್ಟವಾಗಿ ಹೇಸಿಗೆ ಹುಟ್ಟಿಸುತ್ತವೆ. ಅವುಗಳಿಗೆ ಕ್ಷಮೆಯನ್ನು ನಾವು ಯಾವ ಗೆರೆಯಲ್ಲಿಯೂ ಕಾಣಲಿಲ್ಲ.

ಕೊಳ್ಳುವವರಿಗೆ ಒಂದು ಸೂಚನೆ. 180 ಗ್ರಾಂ ತೂಕವೆಂಬ ಜಾಹೀರಾತಿಗೆ ಮರುಳಾಗಬೇಡಿ. ತಟ್ಟೆಯ ದಪ್ಪ ಹೆಚ್ಚಿದರೆ ಗೆರೆಗೆ ಜಾಗ ಹೆಚ್ಚುವುದಿಲ್ಲ. ಹಾಡು ಮುಗಿದ ಮೇಲಿನ ನುಣುಪು ಪಟ್ಟಿಯಲ್ಲಿ ಗೀಚಿರುವ ಸಂಖ್ಯೆ ಯಾವ ಕೊರೆತದಿಂದ ಅಚ್ಚಾಯಿತೆಂಬುದನ್ನು ತಿಳಿಸುತ್ತದೆ, ಅದನ್ನು ನೋಡಿ. ಮಂದ್ರವೇ ಬೇಕೆನ್ನುವವರು ಪೂರ್ತಿ ತಟ್ಟೆಗಿಂತ, ಒಂದೆರಡು ಹಾಡುಗಳನ್ನಷ್ಟೇ ವಿಶಾಲವಾಗಿ ಕೊರೆದ ಹನ್ನೆರಡು ಅಂಗುಲದ ಸಿಂಗಲ್‌ಗಳನ್ನು ಹುಡುಕುವುದು ಮೇಲು. 'ಎಕ್ಸ್‌ಪ್ರೆಸ್ ಯುವರ್‌ಸೆಲ್ಫ್' 1989ರಲ್ಲಿ ಹಾಗೆ ಬಂದಿತ್ತು. ಅದರ ಗೆರೆಗಳನ್ನೂ ಅಳೆಯಬೇಕೆಂದಿದ್ದೇವೆ. ಸದ್ಯಕ್ಕೆ ಪರೀಕ್ಷೆಗಳು ಸಮೀಪಿಸಿರುವುದರಿಂದ, ಮೈಕ್ರೋಸ್ಕೋಪನ್ನು ಗಾಜಿನ ವಕ್ರೀಭವನಾಂಕವನ್ನು ಅಳೆಯುವ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟಾಗಿದೆ.