ಕುಂಡದ ಕಳ್ಳಿಯೂ ಮಾಗಿಯ ನೀರೂ

ಬೆಂಗಳೂರಿನ ಮನೆಗಳಲ್ಲಿ ಕಳ್ಳಿಗಿಡವು ನೀರಿಲ್ಲದೆ ಸಾಯುವುದು ಅಪೂರ್ವ. ಅದು ಸಾಯುವುದು ಬಹುಮಟ್ಟಿಗೆ ನೀರಿನಿಂದಲೇ, ಅದೂ ಮಾಗಿಯ ಕಾಲದಲ್ಲಿ. ಯಲಹಂಕ, ಹೆಬ್ಬಾಳಗಳ ಕಡೆ ಮಹಡಿಯ ಮೇಲೆ ಕಳ್ಳಿಕುಂಡಗಳನ್ನು ಸಾಲಾಗಿಟ್ಟವರು ಚಳಿಯನ್ನು ದೂರುವುದುಂಟು. ಆದರೆ ನಮ್ಮೂರಿನಲ್ಲಿ ದಾಖಲಾದ ಅತ್ಯಂತ ಕಡಮೆ ಉಷ್ಣತೆಯೇ ೭.೮ ಡಿಗ್ರಿ ಸೆಲ್ಸಿಯಸ್, ಅದೂ ೧೮೮೪ರ ಜನವರಿಯಲ್ಲಿ. ಸಾಮಾನ್ಯವಾಗಿ ಜನವರಿಯ ರಾತ್ರಿಗಳು ೧೫ ಡಿಗ್ರಿಯ ಆಸುಪಾಸಿನಲ್ಲಿರುವುವು. ಒಣಮಣ್ಣಿನಲ್ಲಿರುವ ಗಿಡಕ್ಕೆ ಇದರಿಂದ ಬಾಧೆಯಿಲ್ಲ.

ಅಕ್ಟೋಬರ್, ನವೆಂಬರ್ ತಿಂಗಳುಗಳ ಮಳೆಯಲ್ಲಿ ತೊಯ್ದ ಕುಂಡವು ಮೋಡದಲ್ಲಿಯೂ ಮಂಜಿನಲ್ಲಿಯೂ ಆರದೆ ಉಳಿಯುವುದೇ ಕೇಡಿಗೆ ಮೂಲ. ತಂಪಿನಲ್ಲಿ ಬೆಳವಣಿಗೆ ತಗ್ಗಿ, ಬೇರು ನೀರನ್ನು ಹೀರುವುದು ಕಡಮೆಯಾಗುತ್ತದೆ. ಗಾಳಿಯಾಡದ ಕೆಸರಿನಲ್ಲಿ ಎಳೆಬೇರುಗಳು ಉಸಿರುಕಟ್ಟಿ ಸಾಯುತ್ತವೆ. ಅವಕ್ಕೆ ಶಿಲೀಂಧ್ರ ಹತ್ತಿ ಕೊಳೆಯು ಮೇಲಕ್ಕೇರುತ್ತದೆ. ಬೇಲಿಯ ಪಾಪಾಸುಕಳ್ಳಿ ಮಳೆಯಲ್ಲಿ ನೆನೆದೂ ಬದುಕುವುದಲ್ಲ ಎಂದು ಕೇಳಬಹುದು. ಅದಕ್ಕೆ ಬಯಲೆಲ್ಲ ಬೇರು ಚಾಚಲು ಎಡೆಯುಂಟು. ಕುಂಡದ ಕಳ್ಳಿಗೆ ಇರುವುದು ಅಡಿಯ ಒಂದು ತೂತು ಮಾತ್ರ. ಅದರ ಕೆಳಗೂ ನಾವು ನೆಲ ಕೆಟ್ಟೀತೆಂದು ತಟ್ಟೆಯಿಡುತ್ತೇವೆ!

ಬೇರು ಹೋದದ್ದು ಹೊರಗೆ ಕಾಣುವುದಿಲ್ಲ. ಒಡಲಲ್ಲಿ ಕೂಡಿಟ್ಟ ನೀರಿನಿಂದ ಗಿಡವು ವಾರಗಟ್ಟಲೆ ಹಸುರಾಗಿಯೇ ಇದ್ದು, ಅನಂತರ ಮೈ ಸುಕ್ಕುಗಟ್ಟುತ್ತದೆ. ಮನೆಯವರು, ಪಾಪ, ಬಾಯಾರಿತೆಂದು ಇನ್ನೊಂದು ತಂಬಿಗೆ ನೀರು ಹೊಯ್ಯುವರು. ಮಣ್ಣು ಒದ್ದೆಯಾಗಿದ್ದೂ ಗಿಡ ಸುಕ್ಕಿದ್ದರೆ, ಮೆಲ್ಲನೆ ಮುಟ್ಟಿದಾಗ ಬುಡ ಅಲುಗಿದರೆ, ಕುಡಿಯುವ ಬಾಯೇ ಇಲ್ಲವಾಗಿದೆಯೆಂದು ತಿಳಿಯತಕ್ಕದ್ದು.

ಆಗ ತಡಮಾಡದೆ ಗಿಡವನ್ನು ಕಿತ್ತು, ಮಣ್ಣು ತೊಳೆದು ನೋಡಬೇಕು. ಹತ್ತಿಯಂಥ ಬಿಳಿಯ ಪದಾರ್ಥ ಅಂಟಿದ್ದರೆ ಅದು ಹಿಟ್ಟುತಿಗಣೆ. ಅದೂ ಬೇರನ್ನು ಹೀರಿ ಕೆಡಿಸುವ ಹುಳುವೇ, ತೊಳೆದು ತೆಗೆಯಬೇಕು. ಕಂದುಬಣ್ಣಕ್ಕೆ ತಿರುಗಿದ ಭಾಗವನ್ನು ಶುಚಿಯಾದ ಚಾಕುವಿನಿಂದ ಕೊಯ್ಯಬೇಕು. ಕೊಯ್ದ ಮೈಯಲ್ಲಿ ಒಂದು ಕಂದುಚುಕ್ಕೆ ಉಳಿದರೂ ಕೊಳೆ ಮತ್ತೆ ಹಬ್ಬುವುದು. ಆದುದರಿಂದ ಪ್ರತಿ ಸಲವೂ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರಸಿ, ನಿರ್ಮಲವಾದ ಮೈ ಕಾಣುವವರೆಗೆ ಕೊಯ್ಯುತ್ತ ಹೋಗಬೇಕು. ಇಲ್ಲಿ ಕರುಣೆ ಕೂಡದು. ಬಳಿಕ ನೆರಳಿನಲ್ಲಿ, ಗಾಳಿಯಾಡುವಲ್ಲಿ, ಒಂದೆರಡು ವಾರ ಬರಿದೇ ಇರಿಸಿದರೆ ಗಾಯವು ಒಣಗಿ ಗಟ್ಟಿಯಾಗುತ್ತದೆ. ಆಮೇಲೆ ಒಣಮರಳಿನ ಮೇಲೆ ಕೂರಿಸಿ ಸುಮ್ಮನಿರುವುದೇ ಚಿಕಿತ್ಸೆ. ಮಾಗಿಯಲ್ಲಿ ಹೊಸ ಬೇರು ನಿಧಾನ. ಬಿಸಿಲೇರಿದ ಫೆಬ್ರವರಿ, ಮಾರ್ಚಿಯವರೆಗೆ ಕಾಯಬೇಕಾದೀತು. ಬೇರು ಮೂಡಿದ ಬಳಿಕವೇ ನೀರು.

ನಮ್ಮ ಕೆಮ್ಮಣ್ಣು ಕುಂಡದಲ್ಲಿ ಗಟ್ಟಿಗಟ್ಟುವುದರಿಂದ ಅದಕ್ಕೆ ಅರ್ಧಕ್ಕೂ ಹೆಚ್ಚಾಗಿ ದಪ್ಪ ಮರಳನ್ನೂ ಇಟ್ಟಿಗೆಯ ಚೂರನ್ನೂ ಬೆರಸುವುದು ಮೇಲು. ನರ್ಸರಿಯಿಂದ ತೆಂಗಿನ ನಾರಿನ ಪುಡಿಯಲ್ಲಿ ಬಂದ ಗಿಡವನ್ನು ಮಳೆಗಾಲಕ್ಕೆ ಮುಂಚೆ ಬದಲಿಸತಕ್ಕದ್ದು. ಆ ಪುಡಿ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಡಿಸೆಂಬರಿನಲ್ಲಿ ಸೂರ್ಯನು ದಕ್ಷಿಣಕ್ಕೆ ಓರೆಯಾಗುವುದರಿಂದ ಉತ್ತರದ ಮೊಗಸಾಲೆಗೆ ಬಿಸಿಲು ಬೀಳದು. ಕುಂಡಗಳನ್ನು ಮಹಡಿಯ ದಕ್ಷಿಣದಂಚಿಗೆ ಸರಿಸಿ, ತಿಂಗಳಿಗೊಮ್ಮೆ, ಬೆಳಗಿನ ಹೊತ್ತು, ಸ್ವಲ್ಪವೇ ನೀರು ಕೊಟ್ಟರೆ ಸಾಕು.

ಬಹುಮಂದಿ ಬ್ರಹ್ಮಕಮಲವೆಂದು ಕರೆದು, ನಡುರಾತ್ರಿ ನೆರೆಹೊರೆಯವರನ್ನೆಬ್ಬಿಸಿ ತೋರಿಸುವ ಹೂವೂ ಕಳ್ಳಿಯ ಜಾತಿಯದೇ. ಆದರೆ ಅದು ಅಮೆರಿಕದ ಕಾಡುಮರಗಳ ಮೇಲೆ ಬೆಳೆಯುವಂಥದು. ಅದನ್ನು ಮಾಗಿಯಲ್ಲಿ ತೀರ ಒಣಗಿಸಲಾಗದು, ಮಣ್ಣಿನ ಮೇಲ್ಭಾಗ ಆರಿದೊಡನೆ ಒಂದಿಷ್ಟು ನೀರು ಚಿಮುಕಿಸುತ್ತಿರಬೇಕು.